ಎಂಟು ಜಿಬಿಯ ಒಂದು ತಿಂಗಳು

ನವೆಂಬರ್ 19, 2025, ಬುಧವಾರ, ತುಮಕೂರು

ಲಗ್ನಪತ್ರಿಕೆಯ ಸುಗ್ಗಿ. ಇವತ್ತು ಮೆಷಿನ್ ಮೂರು ಸಲ ನಿಂತಿತು. ಮೂರನೇ ಸಲ ನಿಂತಾಗ ಗಂಡಿನ ಸೋದರಮಾವ ನನ್ನ ಬೆನ್ನ ಹಿಂದೆಯೇ ಸ್ಟೂಲ್ ಮೇಲೆ ಕೂತಿದ್ದರು. "ಗಣಪತೀನ ಸ್ವಲ್ಪ ಎಡಕ್ಕೆ ಎಳೀರಿ" ಅಂದರು. ಎಳೆದೆ. ಗಣಪತಿ ವಧೂವರರ ಹೆಸರಿನ ಮೇಲೆ ಹೋಗಿ ಕೂತವನು ಮತ್ತೆ ಅಲುಗಲಿಲ್ಲ. ಅವರು ನಕ್ಕರು. ನನಗೆ ನಗು ಬರಲಿಲ್ಲ, ಸೇವ್ ಮಾಡಿ ಇಪ್ಪತ್ತು ನಿಮಿಷವಾಗಿತ್ತು.

ಟಾಸ್ಕ್ ಮ್ಯಾನೇಜರ್ ತೆರೆದರೆ ಮೆಮೊರಿ 94%. ಕೋರೆಲ್ ಡ್ರಾ, ಫೋಟೋಶಾಪ್, ಜೊತೆಗೆ ಬ್ರೌಸರಿನಲ್ಲಿ ವಾಟ್ಸ್ಆ್ಯಪ್. ಇವತ್ತಿನ ಡಿಟಿಪಿ ಅಂದರೆ ಅರ್ಧ ವಾಟ್ಸ್ಆ್ಯಪ್ಪೇ ತಾನೆ, ಫೋಟೋ ಅಲ್ಲೇ ಬರುತ್ತದೆ, "ಓಕೆ" ಅಲ್ಲೇ ಬರುತ್ತದೆ, ದುಡ್ಡು ಮಾತ್ರ ತಡವಾಗಿ ಬರುತ್ತದೆ. ಇರುವುದು 4 ಜಿಬಿಯ ರ‍್ಯಾಮ್ ಸ್ಟಿಕ್. ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುವ ದುರಸ್ತಿಗಳು ನಿಂತವು ಅಂತ 11 ಹಾಕಿಸಿದ್ದೆ. ಪ್ರೊಸೆಸರ್ ಎಂಟನೇ ತಲೆಮಾರಿನ ಐ3-8100 ಆದ್ದರಿಂದ ಒಪ್ಪಿಕೊಂಡಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಬರೆದಿದ್ದಾರೆ. ಸಾಕು, ಉಸಿರಾಡಲಿಕ್ಕೆ.

ಅಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದಾಗ ಕೈಯಲ್ಲಿ ಹಿಡಿಯುತ್ತಿದ್ದದ್ದಕ್ಕೂ ಸ್ಟಿಕ್ ಅಂತಲೇ ಹೆಸರು. ಏಳೆಂಟು ಸಾಲಿಗೆ ಅದು ತುಂಬುತ್ತಿತ್ತು, ಎದ್ದು ಹೋಗಿ ಗ್ಯಾಲಿಗೆ ಇಳಿಸಿ ಬರಬೇಕು. ನನ್ನ ಮೆಷಿನ್ ಈಗ ಮಾಡುತ್ತಿರುವುದೂ ಅದನ್ನೇ. ಜೋಡಿಸುವುದಕ್ಕಿಂತ ಎದ್ದು ಓಡಾಡುವುದೇ ಹೆಚ್ಚು.

ನವೆಂಬರ್ 22, ಶನಿವಾರ

ರಾತ್ರಿ ಶಟರ್ ಅರ್ಧ ಎಳೆದು ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಏಳು ವರ್ಷದ ಧೂಳು, ಒಂದು ಒಣಗಿದ ಹಲ್ಲಿಮರಿ. ಬೋರ್ಡ್ ಎಚ್310, ಎರಡೇ ಸ್ಲಾಟ್. ಒಂದರಲ್ಲಿ 4 ಜಿಬಿ ಸ್ಟಿಕ್, ಇನ್ನೊಂದು ಖಾಲಿ.

ಸ್ಟಿಕ್ ಕಿತ್ತು ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಉಜ್ಜಿದೆ. ಊರಿನ ಎಲ್ಲ ರಿಪೇರಿ ಹುಡುಗರಿಗೂ ಇದೇ ಪ್ರಥಮ ಚಿಕಿತ್ಸೆ, ಅರ್ಧ ಕೇಸಿಗೆ ಇದೇ ಕೊನೆಯ ಚಿಕಿತ್ಸೆ ಕೂಡ. ಆಮೇಲೆ ಭೂತಗನ್ನಡಿ ಹಿಡಿದು ಚೀಟಿ ಓದಿದೆ: 4ಜಿಬಿ, 1ಆರ್×16, ಪಿಸಿ4-2400ಟಿ-ಯು. ಪ್ರೂಫ್ ಓದುವವನಿಗೆ ಇಂಥದ್ದನ್ನು ಬಿಡಲಾಗುವುದಿಲ್ಲ. ಮಗಳಿಗೆ ಫೋನ್ ಮಾಡಿದೆ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಅಪ್ಪನಿಗೆ ಪಾಠ ಹೇಳುವ ಅವಕಾಶ ಬಿಡುವವಳಲ್ಲ.

ಪಿಸಿ4 ಅಂದರೆ ಡಿಡಿಆರ್4. 2400 ವೇಗ. ಟಿ ಅಂದರೆ ಕೇಳಿದ್ದನ್ನು ಕೊಡಲು 17 ಗಡಿಯಾರ ಮಿಡಿತ ಕಾಯಿಸುತ್ತದೆ ಅಂತ. ಕೊನೆಯ ಯು ಮುಖ್ಯ, ಅದು ಡೆಸ್ಕ್‌ಟಾಪಿನದು. ಎಸ್ ಇದ್ದರೆ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್. ಆರ್ ಇದ್ದರೆ ಸರ್ವರಿನದು. "ಆರ್ ಇರೋದನ್ನ ಎಷ್ಟು ಅಗ್ಗಕ್ಕೆ ಕೊಟ್ರೂ ತಗೋಬೇಡಪ್ಪ, ನಿನ್ನ ಬೋರ್ಡಲ್ಲಿ ಏಳೋದೇ ಇಲ್ಲ" ಅಂದಳು. ಡಿಡಿಆರ್3ಕ್ಕೆ 240 ಹಲ್ಲು, 4ಕ್ಕೆ 288. ಡಿಡಿಆರ್5ಕ್ಕೂ 288, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿ, ಒತ್ತಿದರೂ ಕೂರದು. ಹಾಗೆ ಮಾಡಿದವರು ಪುಣ್ಯಾತ್ಮರು, ನನ್ನಂಥವರಿಂದ ಎಷ್ಟು ಬೋರ್ಡ್ ಉಳಿದವೋ.

ಇನ್ನೊಂದು ಮಾತು ಹೇಳಿದಳು. ಐ3-8100 ಮೆಮೊರಿಯನ್ನು 2400ಕ್ಕಿಂತ ವೇಗವಾಗಿ ಓಡಿಸುವುದಿಲ್ಲ. ಅಂಗಡಿಯವನು 3200ರದ್ದು ಕೊಟ್ಟರೆ ತಗೊಳ್ಳಬಹುದು, ಅದು ಇಲ್ಲಿ 2400ಕ್ಕೆ ಇಳಿದು ಕೆಲಸ ಮಾಡುತ್ತದೆ. ಆದರೆ ಆ ಸಂಖ್ಯೆಗೆಂದು ಒಂದು ರೂಪಾಯಿ ಹೆಚ್ಚು ಕೊಡಬಾರದು. ಲೆಕ್ಕ ಹಾಕಿ ನೋಡಿದೆ. 2400ಕ್ಕೆ 17 ಮಿಡಿತ ಅಂದರೆ 14 ನ್ಯಾನೊಸೆಕೆಂಡಿಗೆ ಸ್ವಲ್ಪ ಮೇಲೆ. ಸಾಮಾನ್ಯವಾಗಿ ಸಿಗುವ 3200ರದ್ದು 22 ಮಿಡಿತ, ಅಂದರೆ 13.75. ಒಮ್ಮೆಗೆ ಹೊತ್ತು ತರುವ ಹೊರೆ ದೊಡ್ಡದು ನಿಜ, ಆದರೆ ಕೂಗಿದರೆ ಓಗೊಡುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಡಬ್ಬದ ಮೇಲೆ ದಪ್ಪಗೆ ಬರೆಯುವುದು ಮಾತ್ರ 3200.

ನವೆಂಬರ್ 25, ಮಂಗಳವಾರ

ಊರಿನ ಅಂಗಡಿಯಲ್ಲಿ ವಿಚಾರಿಸಿದೆ. 8 ಜಿಬಿ ಡಿಡಿಆರ್4, ಹೊಸದು, ₹5,000ಕ್ಕೆ ಸ್ವಲ್ಪ ಕಡಿಮೆ. ಈ ವರ್ಷ ಯುಗಾದಿ ಹೊತ್ತಿಗೆ ಇದೇ ಅಂಗಡಿಯಲ್ಲಿ ₹1,700 ಹೇಳಿದ್ದರು, "ಮುಂದಿನ ತಿಂಗಳು ನೋಡೋಣ" ಅಂದು ಬಂದಿದ್ದೆ. "ಈ ರೇಟು ಸಂಜೆವರೆಗೆ ಮಾತ್ರ ಸಾರ್, ನಾಳೆ ನನ್ನ ಕೇಳಬೇಡಿ" ಅಂದ ಹುಡುಗ. ಎದುರಿನ ಚಿನ್ನದಂಗಡಿಯವರು ಬೋರ್ಡಿನ ಮೇಲೆ ದಿನದ ದರ ಬರೆಯುತ್ತಾರಲ್ಲ, ಇವನೂ ಒಂದು ಬೋರ್ಡ್ ಇಡುವುದು ಒಳ್ಳೆಯದು.

ಕಾರಣ ಕೇಳಿದರೆ "ಎಐ ಸಾರ್" ಅಂದ. ನಾನು ನಂಬಲಿಲ್ಲ. ಈಗ ನಲ್ಲಿಯಲ್ಲಿ ನೀರು ಬರದಿದ್ದರೂ ಎಐ ಅನ್ನುತ್ತಾರೆ. ರಾತ್ರಿ ಓದಿ ನೋಡಿದರೆ ಹುಡುಗ ಹೇಳಿದ್ದೇ ಸರಿ. ಅಂಗಡಿಯಲ್ಲಿ ಹತ್ತಾರು ಬ್ರ್ಯಾಂಡ್ ಕಂಡರೂ ಒಳಗಿನ ಕಪ್ಪು ಚಿಪ್ಪುಗಳನ್ನು ಮಾಡುವವರಲ್ಲಿ ದೊಡ್ಡವರು ಮೂವರೇ: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಕಿಂಗ್‌ಸ್ಟನ್, ಕೋರ್ಸೇರ್ ಮುಂತಾದವರು ಆ ಚಿಪ್ಪು ಕೊಂಡು ಪಟ್ಟಿಗೆ ಕೂರಿಸಿ ಮಾರುವವರು. ಮೂವರಿಗೂ ಈಗ ಡೇಟಾ ಸೆಂಟರುಗಳಿಂದ ದೊಡ್ಡ ಆರ್ಡರ್. ಅಲ್ಲಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚು, ಡಿಡಿಆರ್4 ಹೇಗೂ ಮುದಿ ಸರಕು, ಅದನ್ನು ಮಾಡುವುದನ್ನೇ ಕಡಿಮೆ ಮಾಡುತ್ತಿದ್ದಾರೆ. ಸಮುದ್ರದಾಚೆಯ ಯಾವುದೋ ಯಂತ್ರ ಯೋಚಿಸುವುದಕ್ಕೆ ತುಮಕೂರಿನ ಗಣಪತಿ ಎಡಕ್ಕೆ ಹೋಗದೆ ನಿಂತಿದ್ದಾನೆ.

ನನ್ನ ದುರದೃಷ್ಟವೂ ನೆನಪಾಯಿತು. ಈ ಮೆಷಿನ್ ಕೊಂಡದ್ದು 2018ರಲ್ಲಿ, ಆಗಲೂ ರ‍್ಯಾಮ್ ಬೆಲೆ ಏರಿತ್ತು, ಅದಕ್ಕೇ 8ರ ಬದಲು 4ಕ್ಕೆ ಒಪ್ಪಿಕೊಂಡಿದ್ದೆ. 2023ರಲ್ಲಿ ಬೆಲೆ ಪಾತಾಳಕ್ಕೆ ಇಳಿದಾಗ ನನಗೆ ಬೇಕು ಅನ್ನಿಸಲೇ ಇಲ್ಲ. ಈಗ ಮತ್ತೆ ತುದಿಯಲ್ಲಿದ್ದಾಗ ಬೇಕು. ಈರುಳ್ಳಿ ಬೆಳೆದ ರೈತನ ಲೆಕ್ಕ, ತಿರುಗಾಮುರುಗಾ.

ಡಿಸೆಂಬರ್ 4, ಗುರುವಾರ

ಸುದ್ದಿ: ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನು ಮುಚ್ಚುತ್ತದಂತೆ. ನಿನ್ನೆ ಘೋಷಣೆ, ಫೆಬ್ರವರಿವರೆಗೆ ಸರಕು ಬರುತ್ತದೆ, ಆಮೇಲೆ ಇಲ್ಲ. ವಾರಂಟಿ ಮುಂದುವರಿಸುತ್ತಾರಂತೆ. 1996ರಿಂದ ಇದ್ದ ಹೆಸರು. ಮಗಳು ಪಟ್ಟಿಯಲ್ಲಿ ಮೊದಲು ಬರೆದುಕೊಟ್ಟದ್ದು ಅದನ್ನೇ, ಚಿಪ್ಪು ಮಾಡುವವರೇ ಸ್ಟಿಕ್ಕೂ ಮಾಡುತ್ತಾರೆ, ಕಡಿಮೆ ಬೆಲೆ, ಬಣ್ಣದ ದೀಪಗೀಪ ಇಲ್ಲ ಅಂತ. ಇನ್ನು ತಡಮಾಡಬಾರದು.

ಡಿಸೆಂಬರ್ 6, ಶನಿವಾರ

ಭಾನುವಾರ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮುಕ್ಕಾಲು ಅಂಗಡಿ ಮುಚ್ಚಿರುತ್ತವೆ, ಅದಕ್ಕೆ ಇವತ್ತೇ ಹೊರಟೆ. ಯಶವಂತಪುರದವರೆಗೆ ರೈಲು, ಅಲ್ಲಿಂದ ಹಸಿರು ಮೆಟ್ರೊ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದೆ. ಸೇವಂತಿಗೆ ವಾಸನೆಯಿಂದ ಸುಟ್ಟ ಸೀಸದ ವಾಸನೆಗೆ ಹತ್ತು ನಿಮಿಷದ ನಡಿಗೆ. ಸಾದರ್ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿ ದಾರಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಅಂಗಡಿ, ಹೊಸ ಸರಕು: ₹5,200, ಬಿಲ್ಲಿನ ಸಮೇತ. ಎರಡನೆಯದು: ಬಿಲ್ ಬೇಡ ಅಂದರೆ 4,600, ಬೇಕು ಅಂದರೆ "18% ಜಿಎಸ್‌ಟಿ ಸೇರತ್ತೆ". ಬಿಲ್ ಇಲ್ಲದ ಹತ್ತು ವರ್ಷದ ವಾರಂಟಿಯನ್ನು ಎಲ್ಲಿ ಹೋಗಿ ತೋರಿಸಲಿ? ಡಬ್ಬವನ್ನು ತಿರುಗಿಸಿ ನೋಡಿದೆ. ಪ್ಲಾಸ್ಟಿಕ್ಕಿನ ಅಂಟು ಒಂದು ಕಡೆ ಬಿಟ್ಟಿತ್ತು, ಅಕ್ಷರದ ಅಂಚು ಹರಡಿತ್ತು. ಮೂವತ್ತು ವರ್ಷ ಮುದ್ರಣದಲ್ಲಿ ಇರುವವನಿಗೆ ಮೂಲಪ್ರತಿ ಯಾವುದು, ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದು ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ. ಏನೂ ಹೇಳದೆ ವಾಪಸು ಇಟ್ಟೆ.

ಮೂರನೆಯ ಕಡೆ ಒಬ್ಬ ಪುಟ್ಟ ಹುಡುಗ ಗುಟ್ಟು ಹೇಳುವವನಂತೆ "16 ಜಿಬಿ, ಬರೀ 1,500, ಅಂಕಲ್" ಅಂದ. ಚೀಟಿ ನೋಡಿದೆ. ಪಿಸಿ4-2400ಟಿ-ಆರ್. ಸರ್ವರಿನದು. "ಇದು ಆರ್ ಅಲ್ವೇನಪ್ಪ?" ಅಂದದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೊತ್ತಿರೋರು ಕೇಳ್ತೀರ" ಅಂದ. ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಪಂಚೆ ಉಟ್ಟು ಹೋಗಿದ್ದೆ.

ಕೊನೆಗೆ ಮಹಡಿ ಮೇಲಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿ. ಕಂಪನಿಗಳು ಹಳೆ ಡೆಸ್ಕ್‌ಟಾಪ್ ಲಾಟ್ ಮಾರಿದಾಗ ಬಿಚ್ಚಿದ ಮಾಲು. ಟ್ರೇ ತುಂಬ ಸ್ಟಿಕ್ಕುಗಳು, ಮೀನಂಗಡಿಯಲ್ಲಿ ಬಂಗುಡೆ ಜೋಡಿಸಿಟ್ಟ ಹಾಗೆ. ಎಂಟು ಚಿಪ್ಪು, ಒಂದೇ ತಯಾರಿಕೆ, ಒಂದೇ ಅಕ್ಷರದಳತೆ, ಚೀಟಿ ಮಾಸಿದೆ ಆದರೆ ಅಸಲಿ. 8 ಜಿಬಿ, 2400ಟಿ-ಯು. ₹2,400 ಹೇಳಿ 2,200ಕ್ಕೆ ಇಳಿದ. ಒಂದು ತಿಂಗಳ ಅಂಗಡಿ ವಾರಂಟಿ, ಸ್ಟಿಕ್ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದು ಸಹಿ.

ತುಂಬ ಹೊತ್ತು ಯೋಚಿಸಿದೆ. ರ‍್ಯಾಮಿನಲ್ಲಿ ತಿರುಗುವ ಚಕ್ರವಿಲ್ಲ, ಸವೆಯುವ ಹಲ್ಲಿಲ್ಲ. ಏಳು ವರ್ಷ ಆಫೀಸಿನಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಬಂದದ್ದು ಇನ್ನೂ ಏಳು ವರ್ಷ ನಡೆಯಬಾರದೇಕೆ? ಅರ್ಧಕ್ಕಿಂತ ಕಡಿಮೆ ಬೆಲೆ. ಕೊಂಡೆ. ಅವನು ತನ್ನ ಬೆಂಚಿನ ಮೇಲಿನ ಬೋರ್ಡಿಗೆ ಚುಚ್ಚಿ ತೋರಿಸಿದ. "ನೋಡಿ ಸಾರ್, ಡಿಸ್‌ಪ್ಲೇ ಬಂತು." ಈ ರಸ್ತೆಯಲ್ಲಿ ಡಿಸ್‌ಪ್ಲೇ ಬಂತು ಅಂದರೆ ಜೀವ ಇದೆ ಅಂತ ಡಾಕ್ಟರು ಹೇಳಿದ ಹಾಗೆ. ನಾಡಿ ಇದೆ ಅಂದಮಾತ್ರಕ್ಕೆ ನೆನಪಿನ ಶಕ್ತಿ ಇದೆ ಅಂತಲೇ?

ಡಿಸೆಂಬರ್ 7, ಭಾನುವಾರ

ಬೆಳಿಗ್ಗೆ ಹಾಕಿದೆ. ಎರಡೂ ಸೇರಿ 12 ಜಿಬಿ. ಗಣಪತಿ ಎಡಕ್ಕೂ ಹೋದ, ಬಲಕ್ಕೂ ಹೋದ. ಸಂತೋಷವಾಗಿ ಎರಡು ಪತ್ರಿಕೆ ಮುಗಿಸಿದೆ. ಮಧ್ಯಾಹ್ನ ಒಂದು ಸಲ ನೀಲಿ ಪರದೆ ಬಂತು. "ವಿಂಡೋಸ್ ಅಂದಮೇಲೆ ಬರತ್ತೆ" ಅಂದುಕೊಂಡೆ. ಸಂಜೆ ಇನ್ನೊಂದು ಸಲ ಬಂತು.

ಮಗಳ ಆಜ್ಞೆಯಂತೆ ಪೆನ್ ಡ್ರೈವಿಗೆ ಮೆಮ್‌ಟೆಸ್ಟ್86+ ಹಾಕಿಕೊಂಡೆ, ಪುಕ್ಕಟೆ ತಂತ್ರಾಂಶ. ವಿಂಡೋಸ್ ಶುರುವಾಗುವ ಮೊದಲೇ ಇದು ಏಳುತ್ತದೆ. ಹಳೆಯ ಸ್ಟಿಕ್ ತೆಗೆದಿಟ್ಟು ಹೊಸದೊಂದನ್ನೇ ಬಿಟ್ಟು ಓಡಿಸಿದೆ. ಮೆಮೊರಿಯ ಪ್ರತಿ ಮನೆಯಲ್ಲೂ ಒಂದು ನಮೂನೆ ಬರೆಯುತ್ತದೆ, ಮತ್ತೆ ಓದುತ್ತದೆ, ತಾಳೆ ನೋಡುತ್ತದೆ. ಆಮೇಲೆ ನಮೂನೆಯನ್ನು ತಿರುವುಮುರುವು ಮಾಡಿ ಮತ್ತೆ. ಬೇಸರವೇ ಇಲ್ಲ ಅದಕ್ಕೆ.

ರಾತ್ರಿ ಹತ್ತೂಮುಕ್ಕಾಲಿಗೆ ಕೆಂಪು ಸಾಲು ಕಾಣಿಸಿತು. ಒಂದು ಕಾಲಮ್ಮಿನಲ್ಲಿ ಇರಬೇಕಾದದ್ದು, ಪಕ್ಕದಲ್ಲಿ ಸಿಕ್ಕಿದ್ದು. ಮೂಲಪ್ರತಿ, ಪ್ರೂಫ್! ಉದ್ದದ ಸಾಲಿನಲ್ಲಿ ಒಂದೇ ಒಂದು ಅಕ್ಷರ ಬೇರೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಸಾಲು, ಅದೇ ವಿಳಾಸ, ಅದೇ ಬಿಟ್. ಸ್ಲಾಟಿನದೇ ತಪ್ಪಿರಬಹುದೇ ಅಂತ ಪಕ್ಕದ ಸ್ಲಾಟಿಗೆ ಬದಲಿಸಿ ಮೊದಲಿಂದ ಓಡಿಸಿದೆ. ಅಲ್ಲೂ ಅದೇ. ಹಳೆಯ 4 ಜಿಬಿಯನ್ನು ಒಂಟಿಯಾಗಿ ಅದೇ ಸ್ಲಾಟಿನಲ್ಲಿ ಕೂರಿಸಿದೆ, ಏನೂ ಇಲ್ಲ. ಮೂರು ಗಂಟೆ ಆಯಿತು. ಹೆಂಡತಿ ಎದ್ದು ಬಂದು, "ಮದುವೆ ಮನೆಯವರು ಇಷ್ಟು ನಿದ್ದೆ ಕೆಡಲ್ಲ" ಅಂದಳು.

ಡಿಸೆಂಬರ್ 8, ಸೋಮವಾರ

ಮತ್ತೆ 4 ಜಿಬಿಯಲ್ಲಿ ಕೆಲಸ. ನಿದ್ದೆ ಇಲ್ಲ. ಒಬ್ಬರ ಪತ್ರಿಕೆಯಲ್ಲಿ ಮುಹೂರ್ತದ ಲಗ್ನ ತಪ್ಪು ಹೊಡೆದಿದ್ದೆ, ಪುಣ್ಯಕ್ಕೆ ಪ್ರೂಫಿನಲ್ಲೇ ಸಿಕ್ಕಿತು.

ಡಿಸೆಂಬರ್ 10, ಬುಧವಾರ

ಆ ಒಂದು ಬಿಟ್ ತಲೆಯಿಂದ ಹೋಗುತ್ತಿಲ್ಲ.

ಯೂನಿಕೋಡಿನಲ್ಲಿ ನಮ್ಮ ಕ ಅಕ್ಷರದ ಸಂಖ್ಯೆ 3221, ಗ ಅಕ್ಷರದ್ದು 3223. ಸೊನ್ನೆ ಒಂದುಗಳಲ್ಲಿ ಬರೆದರೆ ಕ ಕೊನೆಯಾಗುವುದು 101ರಿಂದ, ಗ 111ರಿಂದ. ನಡುವಿನ ಒಂದು ಬಿಟ್ ಅಷ್ಟೇ ವ್ಯತ್ಯಾಸ. ಅದು ಬಿದ್ದುಹೋದರೆ ಗಾಳಿ ಕಾಳಿಯಾಗುತ್ತದೆ. ಪತ್ರಿಕೆಯ ಕೆಳಗೆ "ಗುರುಹಿರಿಯರ ಆಶೀರ್ವಾದದೊಂದಿಗೆ" ಅಂತ ಹಾಕುತ್ತೇವಲ್ಲ, ಅಲ್ಲಿ ಕುರು ಏಳುತ್ತದೆ. ಕಾಗುಣಿತ ನೋಡುವ ತಂತ್ರಾಂಶ ಅದನ್ನು ಹಿಡಿಯುವುದೂ ಇಲ್ಲ, ಕುರುವೂ ಒಂದು ಪದವೇ.

ತಮಾಷೆ ಅಂದರೆ ನುಡಿ ಫಾಂಟಿನ ಹಳೆಯ ಫೈಲುಗಳಲ್ಲಿ ಹೀಗಾಗುವುದು ಕಷ್ಟ. ಅಲ್ಲಿ ಕ ಅಕ್ಷರ ಒಳಗೆ ಇಂಗ್ಲಿಷಿನ ಪಿ ಆಗಿ ಕೂತಿರುತ್ತದೆ, ಗ ಯು ಆಗಿ. ಅವೆರಡರ ನಡುವೆ ಎರಡು ಬಿಟ್ ದೂರ, ಒಂದು ಬಿದ್ದರೆ ಸಾಲದು. ಹಳೆಯ ನುಡಿಯನ್ನು ಬಿಡಲು ಒಪ್ಪದ ಗಿರಾಕಿಗಳನ್ನು ಇನ್ನು ಮೇಲೆ ಸ್ವಲ್ಪ ಗೌರವದಿಂದ ನೋಡಬೇಕು.

ನಿಜ ಹೇಳಬೇಕೆಂದರೆ ಕೆಟ್ಟ ಮೆಮೊರಿ ಇಷ್ಟು ಸಾಹಿತ್ಯಿಕವಾಗಿ ಕೆಡುವುದು ಅಪರೂಪ. ಹೆಚ್ಚಾಗಿ ಮೆಷಿನ್ ಬೀಳುತ್ತದೆ, ಇಲ್ಲವೆ ಫೈಲ್ ತೆರೆಯುವುದಿಲ್ಲ. ಬಿದ್ದರೆ ಗೊತ್ತಾಗುತ್ತದಲ್ಲ ಅನ್ನುವುದೇ ಸಮಾಧಾನ. ಬೀಳದೆ ಸುಮ್ಮನೆ ತಪ್ಪು ಬರೆದು ಸೇವ್ ಆದದ್ದಕ್ಕೆ ಏನು ಮಾಡುವುದು? ಸರ್ವರುಗಳಲ್ಲಿ ಇದಕ್ಕೇ ಎಂಟು ಚಿಪ್ಪಿನ ಜೊತೆ ಒಂಬತ್ತನೆಯದೊಂದು ಇರುತ್ತದಂತೆ, ಒಂದು ಬಿಟ್ ತಪ್ಪಿದರೆ ಅಲ್ಲಿಯೇ ತಿದ್ದುವುದಕ್ಕೆ. ನಮ್ಮ ಬೋರ್ಡಿಗೆ ಆ ಭಾಗ್ಯವಿಲ್ಲ.

ಮಗಳು ಕಳಿಸಿದ ಒಂದು ಅಧ್ಯಯನ, 2009ರದ್ದು. ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲಿನ ಇಬ್ಬರು ಸೇರಿ ಗೂಗಲಿನ ಸರ್ವರುಗಳ ರ‍್ಯಾಮ್ ಲೆಕ್ಕ ತೆಗೆದದ್ದು. ವರ್ಷಕ್ಕೆ ನೂರಕ್ಕೆ ಎಂಟಕ್ಕಿಂತ ಹೆಚ್ಚು ಸ್ಟಿಕ್ಕುಗಳಲ್ಲಿ ತಪ್ಪು ಕಂಡಿತ್ತು. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ಮಾತು: ಒಮ್ಮೆ ತಪ್ಪಿದ ಸ್ಟಿಕ್ ಮತ್ತೆ ತಪ್ಪುವ ಸಂಭವ ಬಹಳ ಹೆಚ್ಚು. ಅಂದರೆ "ಒಂದೆರಡು ಎರರ್ ತಾನೆ, ಇರಲಿ" ಅನ್ನುವ ಹಾಗಿಲ್ಲ.

ಡಿಸೆಂಬರ್ 13, ಶನಿವಾರ

ಸ್ಟಿಕ್ಕನ್ನು ಮೊನ್ನೆ ಪರಿಚಯದವರ ಕೈಲಿ ಬೆಂಗಳೂರಿಗೆ ಕಳಿಸಿದ್ದೆ. ಮಗಳು ಇವತ್ತು ಅಂಗಡಿಗೆ ಹೋಗಿ ಬಂದು ಫೋನ್ ಮಾಡಿದಳು. ಅವನು ಅದೇ ಬೆಂಚಿಗೆ ಚುಚ್ಚಿ, "ನೋಡಿ ಮೇಡಂ, ಡಿಸ್‌ಪ್ಲೇ ಬರ್ತಿದೆ, ಪೀಸ್ ಚೆನ್ನಾಗಿದೆ" ಅಂದನಂತೆ. ಇವಳು ನಾನು ತೆಗೆದಿದ್ದ ಕೆಂಪು ಸಾಲುಗಳ ಫೋಟೋ ತೋರಿಸಿದಳಂತೆ. "ಅಯ್ಯೋ ಅದು ಸಾಫ್ಟ್‌ವೇರ್ ಪ್ರಾಬ್ಲಂ." ಇವಳು ಚೀಲದಿಂದ ಪೆನ್ ಡ್ರೈವ್ ತೆಗೆದು, "ಅಣ್ಣ, ನಿಮ್ಮ ಮೆಷಿನ್ನಲ್ಲೇ ಹಾಕೋಣ, ನಾನು ಕಾಯ್ತೀನಿ" ಅಂತ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟಳಂತೆ. ಅವನು ಇವಳನ್ನು ನೋಡಿದ, ಸ್ಟೂಲ್ ನೋಡಿದ, ಹೊರಗೆ ನಿಂತಿದ್ದ ಮೂವರು ಗಿರಾಕಿಗಳನ್ನು ನೋಡಿದ. "ಟ್ರೇಯಿಂದ ನೀವೇ ಒಂದು ಆರಿಸ್ಕೊಳಮ್ಮ."

ಆರಿಸುವಾಗ ಏನು ನೋಡಿದೆ ಅಂತ ಕೇಳಿದೆ. "ಏನೂ ಇಲ್ಲಪ್ಪ. ನೋಡಿ ಗೊತ್ತಾಗೋ ಹಾಗಿದ್ರೆ ನೀನೇ ಮೊದಲನೇ ಸಲ ಸರಿಯಾದ್ದು ತರ್ತಿದ್ದೆ." ಸಂಜೆಯ ರೈಲಿಗೆ ಬಂದಳು, ಸ್ಟಿಕ್ಕನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು.

ಡಿಸೆಂಬರ್ 16, ಮಂಗಳವಾರ

ಧನುರ್ಮಾಸ ಹಿಡಿಯಿತು. ಇನ್ನೊಂದು ತಿಂಗಳು ಮದುವೆ ಇಲ್ಲ, ಮೆಷಿನ್ನಿಗೆ ಬಿಡುವು. ಎರಡನೆಯ ಸ್ಟಿಕ್ ಒಂಟಿಯಾಗಿ ಭಾನುವಾರ ರಾತ್ರಿಯಿಡೀ ಓಡಿತು, ಸೊನ್ನೆ. ನಿನ್ನೆ ರಾತ್ರಿ ಹಳೆಯ 4ರ ಜೊತೆ ಸೇರಿಸಿ ಓಡಿಸಿದೆ. ಬೇರೆ ಬೇರೆ ತಯಾರಿಕೆಯವು ಒಂಟಿಯಾಗಿ ಸರಿ ಇದ್ದು ಜೊತೆಯಾದಾಗ ಜಗಳವಾಡುವುದುಂಟಂತೆ. ಇವತ್ತು ಬೆಳಿಗ್ಗೆ ಪೂಜೆಗೆ ಎದ್ದ ಹೆಂಡತಿಯೇ ಮೊದಲು ನೋಡಿ ಬಂದು ಹೇಳಿದಳು, "ಹಸಿರು ಬಂದಿದೆ ರೀ". ನಾಲ್ಕು ಸುತ್ತು, ಎರರ್ ಸೊನ್ನೆ.

ಖರ್ಚು: ರ‍್ಯಾಮ್ 2,200, ರೈಲು ಮೆಟ್ರೊ ಊಟ 310, ಮಗಳ ಮೆಟ್ರೊ ಮತ್ತು ಅವಳು ಅಂಗಡಿ ಗೆದ್ದ ಖುಷಿಗೆ ತಿಂದ ಮಸಾಲೆದೋಸೆ 190. ಹೊಸದಕ್ಕಿಂತ ಅಗ್ಗವೇ. ಕೆಟ್ಟ ರಾತ್ರಿಯ ನಿದ್ದೆಗೆ ಬೆಲೆ ಕಟ್ಟಿಲ್ಲ. ಪರೀಕ್ಷೆ ಮಾಡಲು ಬಾರದವರು ಬಿಲ್ಲಿನ ಸಮೇತ ಹೊಸದೇ ತಗೊಳ್ಳುವುದು ಸರಿ ಅಂತ ಭಾವಮೈದನಿಗೆ ಹೇಳಿದೆ. ಅವನು ತಗೊಂಡ ಹೊಸದನ್ನೂ ಒಂದು ರಾತ್ರಿ ಓಡಿಸು ಅಂದರೆ ನಕ್ಕ.

ಡಿಸೆಂಬರ್ 21, ಭಾನುವಾರ

ಅಚ್ಚಿಗೆ ಕೊಟ್ಟಿದ್ದ ಮೇಷ್ಟ್ರೊಬ್ಬರ ಆತ್ಮಕಥೆಯ ಮೊದಲ ಪ್ರೂಫ್ ವಾಪಸು ಬಂತು. ನಾನೂರು ಪುಟ, ಯೂನಿಕೋಡಿನಲ್ಲೇ ಮಾಡಿದ್ದು, ಫೋಟೋಗಳ ಸಮೇತ ಒಂದೇ ಫೈಲ್ ತೆರೆದರೂ ಮೆಷಿನ್ ಉಸಿರುಗಟ್ಟಲಿಲ್ಲ. 112ನೇ ಪುಟದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ದೊಡ್ಡ ಸುತ್ತು ಹಾಕಿದ್ದರು. "ನನ್ನ ಕುರುಗಳು ನನಗೆ ಕಲಿಸಿದ್ದು" ಅಂತ ಅಚ್ಚಾಗಿದೆ.

ಎದೆ ಧಸಕ್ಕೆಂದಿತು. ಪೆನ್ ಡ್ರೈವ್ ಹುಡುಕಲು ಎದ್ದೆ. ಮಗಳು ಮಾತ್ರ ಕೂತಲ್ಲಿಂದಲೇ ಹಸ್ತಪ್ರತಿಯ ಕಟ್ಟು ಬಿಚ್ಚಿ, ಪುಟ ಹುಡುಕಿ, ನನ್ನ ಮುಂದೆ ಹಿಡಿದಳು. ಮೇಷ್ಟ್ರ ಕೈಬರಹ, ನೀಲಿ ಶಾಯಿ, ದುಂಡಗಿನ ಅಕ್ಷರ. ಕ, ಸ್ಪಷ್ಟವಾಗಿ.